ಶನಿಯ ಮೈಯಲ್ಲಿ ಮೀಥೇನ್, ಉಂಗುರದಲ್ಲಿ ಇಲ್ಲ: ನಾನು ನೋಡಿಕೊಂಡ ಬಗೆ

ಶನಿಯ ಮೈ ಅನಿಲದ್ದು, ಉಂಗುರ ಮಂಜುಗಡ್ಡೆಯದು ಎಂದು ಓದಿಕೊಂಡೇ ಬೆಳೆದವನು ನಾನು. ಆದರೆ ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ನಸುಹಳದಿ. ಆ ವ್ಯತ್ಯಾಸವನ್ನು ನನ್ನ ಎಂಟು ಇಂಚಿನ ಟೆಲಿಸ್ಕೋಪಿನಲ್ಲೇ ಹಿಡಿಯಬೇಕು ಎಂಬ ಹಟ ಹತ್ತಿದ್ದು 2020ರಲ್ಲಿ, ಗುರು ಮತ್ತು ಶನಿ ತಿಂಗಳುಗಟ್ಟಲೆ ಅಕ್ಕಪಕ್ಕ ಹೊಳೆಯುತ್ತಿದ್ದಾಗ.

ಅನಿಲ ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಬೆಳಕನ್ನು ಬಣ್ಣಬಣ್ಣದ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಹರಡಿದರೆ ಆ ಜಾಗಗಳು ಕಪ್ಪು ತಗ್ಗುಗಳಾಗಿ ಕಾಣುತ್ತವೆ. ಇದಕ್ಕೆ ಸಾಮಾನು ಹೆಚ್ಚೇನಿಲ್ಲ. ಬೆಳಕನ್ನು ಹಾಗೆ ಹರಡುವ, ಮಿಲಿಮೀಟರಿಗೆ 100 ಗೆರೆಗಳಿರುವ ಒಂದು ಗ್ರೇಟಿಂಗ್, ಅದನ್ನು ಫಿಲ್ಟರಿನ ಹಾಗೆ ತಿರುಪಿ ಕೂರಿಸಲು ಒಂದು ಕಪ್ಪು-ಬಿಳುಪು ಕ್ಯಾಮೆರಾ. ಬಣ್ಣದ ಕ್ಯಾಮೆರಾ ನಡೆಯುವುದಿಲ್ಲ ಎಂದಲ್ಲ. ಆದರೆ ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜಿದ್ದರೆ ನಮಗೆ ಬೇಕಾದ ಭಾಗವೇ ಹೋಗಿಬಿಡುತ್ತದೆ.

ಮೊದಲು ಗುರುವಿನಿಂದ ಶುರುಮಾಡಿ ಕೆಟ್ಟೆ. ಬೆಳಕನ್ನು ತೆಳು ಗೆರೆಯಾಗಿ ಒಳಬಿಡುವ ಸೀಳುಕಿಂಡಿ ಇಲ್ಲದ ಗ್ರೇಟಿಂಗಿನಲ್ಲಿ ಗ್ರಹದ ಬಿಂಬ ಎಷ್ಟು ದಪ್ಪವೋ ರೋಹಿತ ಅಷ್ಟೇ ಮಸುಕು. ಗುರುವಿನ ರೋಹಿತ ಒದ್ದೆ ಕೈಯಲ್ಲಿ ಒರೆಸಿದ ಸೀಮೆಸುಣ್ಣದ ಗೆರೆಯಂತೆ ಬಂತು. ಆದರೂ 760 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಒಂದು ಗಾಢ ತಗ್ಗು ಕಂಡಿತು. ಮೀಥೇನ್ ಸಿಕ್ಕೇಬಿಟ್ಟಿತು ಎಂದು ಆ ರಾತ್ರಿ ಹಿಗ್ಗಿಕೊಂಡು ಮಲಗಿದೆ. ಬೆಳಿಗ್ಗೆ ಅದೇ ಚಿತ್ರದಲ್ಲಿ ಪಕ್ಕದ ಉಪಗ್ರಹ ಯುರೋಪಾದ ರೋಹಿತ ನೋಡುತ್ತೇನೆ, ನೂಲಿನಂಥ ಆ ಎಳೆಯಲ್ಲೂ ಅದೇ ಜಾಗದಲ್ಲಿ ಕಪ್ಪು! ಹಿಮದ ಹೊದಿಕೆಯ ಯುರೋಪಾಕ್ಕೆ ಅಷ್ಟು ಮೀಥೇನ್ ಎಲ್ಲಿಂದ ಬರಬೇಕು? ನಾನು ಹಿಡಿದದ್ದು ನಾವು ಉಸಿರಾಡುವ ಆಮ್ಲಜನಕವನ್ನು. ಬೆಳಕು ಕ್ಯಾಮೆರಾ ತಲುಪುವ ಮುನ್ನ ನಮ್ಮ ಗಾಳಿಯನ್ನು ಹಾದುಬರುತ್ತದೆ ಎಂಬುದನ್ನೇ ಮರೆತಿದ್ದೆ.

ಈ ಪೆಟ್ಟಿನಿಂದಲೇ ದಾರಿ ಹೊಳೆಯಿತು. ಗುರುವಿಗೆ ಯುರೋಪಾ ಹೇಗೋ ಶನಿಗೆ ಉಂಗುರ ಹಾಗೆ. ಮೈಗೂ ಉಂಗುರಕ್ಕೂ ಬೀಳುವುದು ಅದೇ ಬಿಸಿಲು, ಎರಡೂ ಹಾದುಬರುವುದು ಅದೇ ಗಾಳಿ. ಎರಡರಲ್ಲೂ ಕಾಣುವ ತಗ್ಗು ಸೂರ್ಯನದ್ದು ಅಥವಾ ನಮ್ಮ ಗಾಳಿಯದ್ದು. ಮೈಯಲ್ಲಿ ಮಾತ್ರ ಕಂಡರೆ ಅದು ಶನಿಯದ್ದೇ.

ತೊಡಕಿದ್ದದ್ದು ಎರಡನ್ನೂ ಬಿಡಿಸಿ ನೋಡುವುದರಲ್ಲಿ. ಉಂಗುರ ಉದ್ದಕ್ಕೆ ಸುಮಾರು 40 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಎಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು), ಮೈ ಅದರ ಅರ್ಧಕ್ಕಿಂತ ಕಡಿಮೆ. ಬೆಳಕು ಉಂಗುರದ ಉದ್ದಕ್ಕೇ ಹರಡಿದರೆ ಎಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ನಾಲ್ಕು ರಾತ್ರಿ ಇದರಲ್ಲೇ ಹೋಯಿತು. ಕೊನೆಗೆ ಗ್ರೇಟಿಂಗನ್ನು ಕಾಲು ಸುತ್ತು ತಿರುಗಿಸಿ, ಬೆಳಕು ಶನಿಯ ಧ್ರುವದಿಂದ ಧ್ರುವದ ದಿಕ್ಕಿಗೆ ಹರಡುವಂತೆ ಮಾಡಿದೆ. ಆಗ ನಡುವೆ ಮೈಯ ಅಗಲವಾದ ಪಟ್ಟಿ, ಎಡಬಲಕ್ಕೆ ಉಂಗುರದ ಕಿವಿಗಳ ಒಂದೊಂದು ಸಣ್ಣ ಪಟ್ಟಿ. ಅಂಚುಸೀರೆ ಹಾಸಿದ ಹಾಗೆ.

ಕೆಲವು ನೂರು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿದೆ. ಮೋಸ ಮಾಡಿದ್ದ 760ರ ತಗ್ಗೇ ಈಗ ಅಳತೆಯ ಗೂಟವಾಯಿತು. ಅದು ಮೂರೂ ಪಟ್ಟಿಗಳಲ್ಲಿತ್ತು. ಅದರಿಂದ ಎಣಿಸುತ್ತ ಬಂದರೆ 619ರಲ್ಲಿ ಒಂದು ತೆಳು ನೆರಳು, 727ರಲ್ಲಿ ಸ್ಪಷ್ಟವಾದ ತಗ್ಗು, 890ರ ಸುತ್ತ ದೊಡ್ಡ ಹೊಂಡ. ಎಲ್ಲವೂ ನಡುವಿನ ಪಟ್ಟಿಯಲ್ಲಿ ಮಾತ್ರ. 890ರಲ್ಲಿ ಶನಿಯ ಮೈ ಕಪ್ಪಾಗಿ ಹೋಗಿ ಅದರ ಎರಡೂ ಬದಿಗೆ ಉಂಗುರದ ಬೆಳಕು ಮಾತ್ರ ಉಳಿದಿತ್ತು. 1932ರಲ್ಲಿ ಖಗೋಳವಿಜ್ಞಾನಿ ರೂಪರ್ಟ್ ವಿಲ್ಟ್ ಈ ಗ್ರಹಗಳ ತಗ್ಗುಗಳು ಮೀಥೇನ್ ಮತ್ತು ಅಮೋನಿಯಾದವು ಎಂದು ಗುರುತಿಸಿದ್ದರು. ಓದಿ ಗೊತ್ತಿದ್ದ ಸಂಗತಿಯೇ. ನನ್ನ ಕ್ಯಾಮೆರಾದಲ್ಲಿ ಕಂಡಾಗ ಕುರ್ಚಿಯಿಂದ ಎದ್ದುನಿಂತಿದ್ದೆ.

ಹಾಗೆಂದು ಶನಿ ಮೀಥೇನಿನ ಉಂಡೆಯಲ್ಲ. ಅದರ ವಾತಾವರಣದಲ್ಲಿ ಮೀಥೇನ್ ಶೇಕಡಾ ಅರ್ಧದಷ್ಟೂ ಇಲ್ಲ, ಗುರುವಿನಲ್ಲಿ ಇನ್ನೂ ಕಡಿಮೆ. ಬಹುಪಾಲು ಹೈಡ್ರೋಜನ್, ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ. ಆದರೆ ಹೈಡ್ರೋಜನ್ ಅಣು ಈ ಬೆಳಕನ್ನು ಹೀರುವುದು ತೀರಾ ಅಲ್ಪ, ತಣ್ಣಗಿನ ಹೀಲಿಯಂ ಇಲ್ಲಿ ಸುದ್ದಿಯನ್ನೇ ಎತ್ತುವುದಿಲ್ಲ. ಮನೆಯೊಡೆಯರು ಒಳಗೆ ಸುಮ್ಮನೆ ಕೂತಿರುತ್ತಾರೆ, ಬಾಗಿಲಲ್ಲಿ ಮಾತಾಡುವವನು ಮೀಥೇನ್. ಗುರುವಿನ ಹೀಲಿಯಂ ಅಳೆಯಲು 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕ ಗ್ರಹದೊಳಕ್ಕೇ ಬಿದ್ದು, ಒಂದು ಗಂಟೆಯೊಳಗೆ ಮೌನವಾಗಬೇಕಾಯಿತು. ತೂಕದ ಲೆಕ್ಕದಲ್ಲಿ ನಾಲ್ಕನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ ಎಂದು ಅದರಿಂದ ತಿಳಿಯಿತು.

ಉಂಗುರದ ವಿಷಯದಲ್ಲೂ ನಾನು ಪ್ರಾಮಾಣಿಕನಾಗಿರಬೇಕು. ಅಲ್ಲಿ ಮೀಥೇನ್ ಅನಿಲ ಇಲ್ಲ ಎಂದಷ್ಟೇ ನಾನು ತೋರಿಸಿದ್ದು, ಮಂಜುಗಡ್ಡೆ ಇದೆ ಎಂದಲ್ಲ. ನೀರಿನ ಹಿಮದ ಗುರುತುಗಳು 1,500 ಮತ್ತು 2,000 ನ್ಯಾನೋಮೀಟರಿನ ಆಸುಪಾಸಿನಲ್ಲಿವೆ. ನನ್ನ ಕ್ಯಾಮೆರಾದ ಸಿಲಿಕಾನ್ 1,100 ದಾಟುವಷ್ಟರಲ್ಲಿ ಕುರುಡು. ಒಂದು ಮಾತ್ರ ಕಂಡಿತು: ಸೂರ್ಯನಂಥ ನಕ್ಷತ್ರದ ರೋಹಿತಕ್ಕೆ ಹೋಲಿಸಿದರೆ ಉಂಗುರದ ನೀಲಿ ಭಾಗ ಮಂಕು. ಅಪ್ಪಟ ಹಿಮವಾಗಿದ್ದರೆ ಹಾಗೆ ಆಗಬಾರದು. ಹಿಮದ ಜೊತೆ ಬೇರೇನೋ ಕೊಳೆ ಚೂರು ಬೆರೆತಿದೆ.

ಇದನ್ನು ಮಾಡಿ ನೋಡುವವರು ನನ್ನಂತೆ ಗುರುವಿನಿಂದ ಶುರುಮಾಡಬೇಡಿ. ಯುರೇನಸ್ ಹಿಡಿಯಿರಿ. ಮಂಕಾದರೂ ಬಿಂಬ ನಾಲ್ಕು ಆರ್ಕ್‌ಸೆಕೆಂಡಿಗೂ ಕಡಿಮೆ, ಹಾಗಾಗಿ ತಗ್ಗುಗಳು ಚೂಪು. ಅಲ್ಲಿ ಮೀಥೇನಿನ ಪಾಲೂ ಹೆಚ್ಚು. ಕೆಂಪು ಬೆಳಕನ್ನು ಅದು ತಿನ್ನುವುದರಿಂದಲೇ ಗ್ರಹಕ್ಕೆ ಆ ಹಸಿರುನೀಲಿ.

ಶನಿಗೆ ಈಗ ಆತುರ ಪಟ್ಟು ಫಲವಿಲ್ಲ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನಮ್ಮತ್ತ ತಿರುಗಿತು. ಬಹುಭಾಗ ಹತ್ತಾರು ಮೀಟರ್ ಮಾತ್ರ ದಪ್ಪವಿರುವ ಹಾಳೆ ಅಂಚಿನಿಂದ ಕಂಡೀತೆ? ಅದು ಪೂರ್ತಿ ತೆರೆದುಕೊಳ್ಳುವುದು 2032ರ ಹೊತ್ತಿಗೆ. ನಾಲ್ಕು ರಾತ್ರಿ ತಿಂದ ಆ ಕಾಲು ಸುತ್ತು ಮರೆಯದಿರಲೆಂದು ಗ್ರೇಟಿಂಗಿನ ಅಂಚಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಡಬ್ಬಿಗೆ ಹಾಕಿದ್ದೇನೆ.