ಗುಂಯ್‌ಗುಡುವ ಗಾಲಿ: ಬಿಚ್ಚುವುದು ಮನೆಯಲ್ಲಿ, ಒತ್ತುವುದು ಪ್ರೆಸ್‌ನಲ್ಲಿ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಿರೇಬಾಗೇವಾಡಿ ದಾಟಿ ಕಿತ್ತೂರಿನತ್ತ ಸಾಗುವಾಗ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವಂತಹ ಸದ್ದೊಂದು ಕಾರಿನ ತಳದಿಂದ ಒಂದೇ ಸಮನೆ ಬರತೊಡಗಿತೆಂದುಕೊಳ್ಳಿ. ಆ ಸದ್ದು ವೇಗದೊಂದಿಗೆ ಏರುತ್ತಿದ್ದು, ಕ್ಲಚ್ ಒತ್ತಿ ಗೇರ್ ನ್ಯೂಟ್ರಲ್‌ಗೆ ತಂದರೂ ಕಡಿಮೆಯಾಗದಿದ್ದರೆ, ಎಂಜಿನ್ನಿನ ಮೇಲಿನ ಅನುಮಾನವನ್ನು ಬಿಟ್ಟು ಗಾಲಿಯ ಬೇರಿಂಗಿನತ್ತ (ಗಾಲಿ ಸರಾಗವಾಗಿ ತಿರುಗಲೆಂದು ಒಳಬಳೆ, ಹೊರಬಳೆಗಳ ನಡುವೆ ಗುಂಡುಗಳು ಓಡಾಡುವ ಭಾಗ) ಗಮನ ಹರಿಸಬೇಕು. ಅದಕ್ಕೂ ಮೊದಲು ಟೈರಿನ ಮೇಲೆ ಅಂಗೈ ಆಡಿಸಿ ನೋಡುವುದು ಒಳಿತು. ಅಲೆಅಲೆಯಾಗಿ ಸವೆದ ಟೈರು ಕೂಡ ಇದೇ ಧ್ವನಿಯಲ್ಲಿ ಗೊಣಗುತ್ತದೆ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದಾಗ ಸದ್ದಿನ ಜಾಗವೂ ಬದಲಾದರೆ ದೋಷ ಟೈರಿನದು, ಬೇರಿಂಗಿನದಲ್ಲ.

ಯಾವ ಬದಿಯ ಬೇರಿಂಗ್ ಹೋಗಿದೆ ಎಂಬುದನ್ನು ಕಿವಿಯೊಂದನ್ನೇ ನಂಬಿ ನಿರ್ಧರಿಸಬಾರದು. ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ, ಸದ್ದು ನನ್ನ ಸೀಟಿನ ಕೆಳಗಿನಿಂದಲೇ ಬರುತ್ತಿದೆ ಎಂಬ ಭರವಸೆಯಲ್ಲಿ ಬಲಗಡೆಯ ಬೇರಿಂಗನ್ನು ಬದಲಿಸಿ, ಒಂದು ಭಾನುವಾರವನ್ನೂ ಒಂದು ಬೇರಿಂಗಿನ ಹಣವನ್ನೂ ಕಳೆದುಕೊಂಡೆ, ಕೆಟ್ಟಿದ್ದು ಎಡಗಡೆಯದಾಗಿತ್ತು. ಸದ್ದು ಕಾರಿನ ಉಕ್ಕಿನ ಮೈಯೊಳಗೆ ಎಲ್ಲೆಲ್ಲೋ ಹರಿದು ಬರುವುದರಿಂದ ಇಂಥ ಮೋಸ ಸಹಜ. ಉದ್ದನೆಯ ತಿರುವು ಇದಕ್ಕಿಂತ ನಂಬಲರ್ಹ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಹುಮಟ್ಟಿಗೆ ಎಡ ಬೇರಿಂಗೇ ಕಾರಣ, ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲ ಬೇರಿಂಗ್. ನಂತರ ಗಾಲಿಯನ್ನು ಜಾಕ್‌ನಿಂದ ಎತ್ತಿ, ಒಂದು ಕೈಯಿಂದ ಅದನ್ನು ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟರೆ, ಕೆಟ್ಟ ಬೇರಿಂಗಿನ ಗರಗರ ಬೆರಳುಗಳಿಗೆ ತಾಗುತ್ತದೆ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಗಾಲಿಯನ್ನು ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡುಬಂದರೆ, ಮನೆಯವರೊಬ್ಬರಿಗೆ ಬ್ರೇಕ್ ತುಳಿಯಲು ಹೇಳಬೇಕು. ಬ್ರೇಕ್ ತುಳಿದಾಗ ಸಡಿಲ ಮಾಯವಾದರೆ ಅದು ಬೇರಿಂಗಿನದು; ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ (ಗಾಲಿಯ ಜೋಡಣೆಯಲ್ಲಿನ ಗುಂಡು ಕೀಲು) ಮೊದಲಾದ ಭಾಗಗಳನ್ನು ನೋಡಬೇಕು.

ನಮ್ಮ ಕಡೆಯ ಮಳೆಗಾಲಕ್ಕೂ ಈ ತೊಂದರೆಗೂ ನಂಟಿದೆ. ಓಡಿ ಬಿಸಿಯಾದ ಹಬ್ (ಗಾಲಿಯನ್ನು ಬಿಗಿಯುವ ನಡುಭಾಗ) ಖಾನಾಪುರದ ಕಡೆಯ ರಸ್ತೆಯಲ್ಲಿ ನಿಂತ ನೀರಿಗೆ ಇಳಿದಾಗ ತಟ್ಟನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಸವೆದ ಸೀಲಿನ ಅಂಚಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು, ಗುಂಡುಗಳು ಓಡುವ ದಾರಿ ತುಕ್ಕು ಹಿಡಿದ ಮೇಲೆ ಸದ್ದು ಏಳಲು ಹೆಚ್ಚು ದಿನ ಬೇಕಿಲ್ಲ. ಹಳೆಯ ಜೀಪುಗಳ ಮುಂಗಾಲಿಯಲ್ಲಿದ್ದ ಟೇಪರ್ ಬೇರಿಂಗಿಗೆ ಗ್ರೀಸ್ ತುಂಬಿ ಮತ್ತೆ ಬಿಗಿದರೆ ಸಾಕಾಗುತ್ತಿತ್ತು; ಇಂದಿನ ಕಾರುಗಳ ಬೇರಿಂಗ್ ಸೀಲ್ ಮಾಡಿ ಬರುವುದರಿಂದ ಅದಕ್ಕೆ ಆ ಉಪಚಾರವಿಲ್ಲ, ಬದಲಿಸುವುದೊಂದೇ ದಾರಿ.

ಕೆಲವು ಕಾರುಗಳಲ್ಲಿ ಬೇರಿಂಗ್ ಮತ್ತು ಹಬ್ ಒಂದೇ ಘಟಕವಾಗಿದ್ದು ನಾಲ್ಕು ಬೋಲ್ಟುಗಳಲ್ಲಿ ಬಿಚ್ಚಿಬರುತ್ತದೆ. ಅದು ಸುಲಭದ ಕೆಲಸ. ನಮ್ಮಲ್ಲಿ ಹೆಚ್ಚಾಗಿ ಓಡಾಡುವ ಅನೇಕ ಸಣ್ಣ ಕಾರುಗಳ ಮುಂಗಾಲಿಯಲ್ಲಿ ಬೇರಿಂಗನ್ನು ನಕಲ್ ಎಂಬ ಎರಕದ ಭಾಗದೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಇಲ್ಲಿ ಹೇಳುತ್ತಿರುವುದು ಈ ಎರಡನೆಯ ಬಗೆಯ ಬಗ್ಗೆ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಅಡ್ಡ ಕೊಡಬೇಕು. ಗಾಲಿಯ ನಡುವೆ ಇರುವ ದೊಡ್ಡ ಆಕ್ಸಲ್ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಕೂರಿಸಿರುತ್ತಾರೆ. ಅದನ್ನು ಸಣ್ಣ ಉಳಿಯಿಂದ ಎಬ್ಬಿಸಿ, ಗಾಲಿ ಇನ್ನೂ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ತುಳಿದಿರಲು, ಉದ್ದ ಹಿಡಿಕೆಯ ಸಾಕೆಟ್ಟಿನಿಂದ ನಟ್ಟನ್ನು ಸಡಿಲಿಸಬೇಕು. ಆಮೇಲೆ ಜಾಕ್ ಏರಿಸಿ, ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಇಟ್ಟಿಗೆ, ಕಲ್ಲುಗಳ ಮೇಲೆ ಕಾರು ನಿಲ್ಲಿಸಿ ಅದರ ಕೆಳಗೆ ಕೈಯಿಡುವ ಧೈರ್ಯ ಯಾರೂ ಮಾಡಬಾರದು.

ಗಾಲಿ ಕಳಚಿದ ಮೇಲೆ ಡಿಸ್ಕನ್ನು ಅವುಚಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಅದು ತನ್ನ ಹೋಸಿನ (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಮೇಲೆಯೇ ಜೋತಾಡಿದರೆ ಹೋಸ್ ಒಳಗೊಳಗೇ ಹರಿದುಹೋಗಬಹುದು. ಡಿಸ್ಕ್ ತೆಗೆದು, ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರನ್ನು ಜೋಪಾನವಾಗಿ ಹೊರಗೆಳೆದು, ಸ್ಟಿಯರಿಂಗ್‌ನಿಂದ ಬರುವ ಟೈ ರಾಡ್ ತುದಿ ಮತ್ತು ಕೆಳಗಿನ ಬಾಲ್ ಜಾಯಿಂಟ್ ಬಿಡಿಸಬೇಕು. ನಕಲ್ ಮತ್ತು ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಸೇರುವ ಎರಡು ಬೋಲ್ಟುಗಳನ್ನು ಬಿಚ್ಚುವ ಮೊದಲು ಅವುಗಳ ಸ್ಥಾನಕ್ಕೆ ವೈಟ್ನರ್‌ನಿಂದ ಗುರುತು ಹಾಕಿದರೆ ಗಾಲಿಯ ಓರೆ ಮರುಜೋಡಣೆಯಲ್ಲಿ ಹೆಚ್ಚು ತಪ್ಪದು. ಎಂಜಿನ್ನಿನ ಬಲವನ್ನು ಗಾಲಿಗೆ ತರುವ ಡ್ರೈವ್ ಶಾಫ್ಟನ್ನು ಹಬ್‌ನಿಂದ ಹಿಂದಕ್ಕೆ ತಳ್ಳಬೇಕೇ ಹೊರತು ಜಗ್ಗಬಾರದು, ಜಗ್ಗಿದರೆ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು.

ಇನ್ನು ಮುಂದಿನದು ಸುತ್ತಿಗೆಯ ಕೆಲಸವಲ್ಲ, ಭಾರೀ ಬಲದಿಂದ ಒತ್ತುವ ಯಂತ್ರವಾದ ಪ್ರೆಸ್ಸಿನದು. ಬೆಳಗಾವಿಯವರಿಗೆ ಉದ್ಯಮಬಾಗದಲ್ಲಿ ಮಷೀನ್ ಶಾಪ್‌ಗಳಿಗೆ ಬರವಿಲ್ಲ. ಅಥಣಿ, ಗೋಕಾಕದ ಕಡೆಯವರು ಟ್ರ್ಯಾಕ್ಟರ್ ದುರಸ್ತಿಯ ವರ್ಕ್‌ಶಾಪ್‌ಗಳಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆಯೇ ಎಂದು ಕೇಳಬಹುದು. ನಕಲ್ ಮತ್ತು ಹೊಸ ಬೇರಿಂಗ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಹಬ್ ಹೊರಬರುತ್ತದೆ. ಬೇರಿಂಗಿನ ಒಳಬಳೆಯ ಅರ್ಧಭಾಗ ಸಾಮಾನ್ಯವಾಗಿ ಅದಕ್ಕೆ ಅಂಟಿಕೊಂಡೇ ಬರುವುದರಿಂದ, ಅದನ್ನು ಪುಲ್ಲರ್‌ನಿಂದ ಬಿಡಿಸಬೇಕಾಗುತ್ತದೆ. ಬಳಿಕ ಸರ್ಕ್ಲಿಪ್ (ಬೇರಿಂಗ್ ಸರಿಯದಂತೆ ತಡೆಯುವ ಸ್ಪ್ರಿಂಗ್ ಬಳೆ) ತೆಗೆದು ಹಳೆಯ ಬೇರಿಂಗನ್ನು ಒತ್ತಿ ಹೊರದೂಡಿ, ಅದು ಕೂತಿದ್ದ ಗೂಡಿನ ತುಕ್ಕನ್ನು ಒರೆಸಿ ಸ್ವಚ್ಛ ಮಾಡುತ್ತಾರೆ.

ಹೊಸ ಬೇರಿಂಗನ್ನು ನಕಲ್‌ನೊಳಗೆ ಕೂರಿಸುವಾಗ ಒತ್ತಡ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ನಂತರ ಹಬ್ಬನ್ನು ಬೇರಿಂಗಿನೊಳಗೆ ಒತ್ತುವಾಗ, ಕೆಳಗಿನಿಂದ ಒಳಬಳೆಗೆ ಆಧಾರ ಕೊಡಬೇಕು. ಇವೆರಡರಲ್ಲಿ ಒಂದು ಅದಲುಬದಲಾದರೂ ಪ್ರೆಸ್ಸಿನ ಪೂರ್ತಿ ಬಲ ಗುಂಡುಗಳ ಮೂಲಕ ಹಾದು, ಅವು ಓಡುವ ನುಣುಪಾದ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ. ಹೊಸ ಬೇರಿಂಗ್ ಕೆಲವೇ ವಾರಗಳಲ್ಲಿ ಹಳೆಯದರ ರಾಗವನ್ನೇ ಹಾಡತೊಡಗುತ್ತದೆ. ಆಗ ಮಾಲು ಡೂಪ್ಲಿಕೇಟ್ ಎಂದು ಅಂಗಡಿಯವನನ್ನು ಬೈಯುವುದು ವಾಡಿಕೆ. ಬೇರಿಂಗಿನ ಒಂದು ಮುಖದಲ್ಲಿ ಎಬಿಎಸ್‌ಗಾಗಿ ಕಾಂತದ ಕಪ್ಪು ಪಟ್ಟಿಯಿದ್ದರೆ ಆ ಮುಖ ಸೆನ್ಸರಿನ ಕಡೆಗೇ ಬರಬೇಕು, ತಿರುವುಮುರುವಾದರೆ ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಆರುವುದಿಲ್ಲ. ಸಲೀಸಾಗಿ ಕೂರಲೆಂದು ಹೊಸ ಬೇರಿಂಗನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಲು ಯಾರಾದರೂ ಹೊರಟರೆ ತಡೆಯಬೇಕು. ಸೀಲೂ ಗ್ರೀಸೂ ಅಲ್ಲೇ ಸುಟ್ಟುಹೋಗುತ್ತವೆ.

ಮನೆಗೆ ಮರಳಿ ಎಲ್ಲವನ್ನೂ ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಬೇಕು. ಆಕ್ಸಲ್ ನಟ್ ಹೊಸದೇ ಆಗಿರಲಿ. ಅದನ್ನು ಬ್ರೇಕ್ ತುಳಿದಿರುವಾಗ ಟಾರ್ಕ್ ರೆಂಚಿನಿಂದ, ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಹೇಳುವಷ್ಟೇ ಬಿಗಿಯಬೇಕು. ಅನೇಕ ಸಣ್ಣ ಕಾರುಗಳಲ್ಲಿ ಇದು 150ರಿಂದ 250 ನ್ಯೂಟನ್ ಮೀಟರ್‌ಗಳ ನಡುವೆ ಇರುತ್ತದೆ. ಈ ನಟ್ಟೇ ಬೇರಿಂಗಿನ ಒಳಬಳೆಯ ಎರಡು ಅರ್ಧಗಳನ್ನು ಒಂದಕ್ಕೊಂದು ಅವುಚಿ ಹಿಡಿಯುವುದರಿಂದ, ಅದು ಪೂರ್ತಿ ಬಿಗಿಯಾಗುವವರೆಗೆ ಕಾರಿನ ಭಾರವನ್ನು ಆ ಗಾಲಿಯ ಮೇಲೆ ಇಳಿಸಬಾರದು. ಬಿಗಿದ ಮೇಲೆ ನಟ್ಟಿನ ಅಂಚನ್ನು ಮತ್ತೆ ತೋಡಿನೊಳಗೆ ಬಡಿದು ಕೂರಿಸಬೇಕು.

ಕಾರು ಹೊರಡಿಸುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ತುಳಿಯಬೇಕು, ಇಲ್ಲವಾದರೆ ಗೇಟಿನ ಬಳಿಯ ಮೊದಲ ಬ್ರೇಕೇ ಹಿಡಿಯದೆ ಹೋದೀತು. ಸದ್ದು ಮೊದಲು ಕೇಳಿದ ರಸ್ತೆಯಲ್ಲೇ ಇಪ್ಪತ್ತು ಕಿಲೋಮೀಟರ್ ಓಡಿಸಿ, ಇಳಿದು ಎರಡೂ ಬದಿಯ ಗಾಲಿಗಳ ನಡುಭಾಗದ ಹತ್ತಿರ ಕೈ ಹಿಡಿದು ಬಿಸಿಯನ್ನು ಹೋಲಿಸಿ ನೋಡಬಹುದು. ಸ್ಟ್ರಟ್ ಬೋಲ್ಟುಗಳನ್ನು ಬಿಚ್ಚಿದ್ದರಿಂದ ಅದೇ ವಾರದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಗಾಲಿಯ ನಟ್ಟುಗಳ ಬಿಗಿಯನ್ನೂ ಆ ಹೊತ್ತಿಗೆ ಇನ್ನೊಮ್ಮೆ ಪರೀಕ್ಷಿಸಬೇಕು.