ಚರ್ಮದ ಅಂಗಾಂಶಕ್ಕಾಗಿ ಜೆಲಾಟಿನ್ ಹೈಡ್ರೋಜೆಲ್ ರೂಪಿಸುವ ಬಗೆ

ಚರ್ಮದ ಒಳಪದರಕ್ಕೆ ಆಸರೆಯಾಗುವ ಹೈಡ್ರೋಜೆಲ್ (ನೀರು ತುಂಬಿಕೊಂಡ ಮೃದು ಜಾಲ) ತಯಾರಿಸುವವರು ಬೆಳಕಿನ ನೆರವಿನಿಂದ ಒಂದಕ್ಕೊಂದು ಬೆಸೆಯಬಲ್ಲ ಮೆಥಾಕ್ರಿಲೇಟ್ ಎಂಬ ರಾಸಾಯನಿಕ ಗುಂಪುಗಳನ್ನು ಜೋಡಿಸಿದ ಜೆಲಾಟಿನ್‌ನಿಂದ, ಅಂದರೆ ಪ್ರಯೋಗಾಲಯಗಳಲ್ಲಿ ಜೆಲ್‌ಮಾ ಎಂದು ಕರೆಯುವ ವಸ್ತುವಿನಿಂದ, ಆರಂಭಿಸುವುದು ಒಳ್ಳೆಯದು. ಜೆಲಾಟಿನ್ ಚರ್ಮದ ಮುಖ್ಯ ಪ್ರೋಟೀನ್ ಆದ ಕೊಲಾಜೆನ್‌ನಿಂದಲೇ ಬಂದದ್ದರಿಂದ, ಜೀವಕೋಶಗಳು ಅಂಟಿಕೊಳ್ಳುವ ತಾಣಗಳೂ ಅವು ಸ್ರವಿಸುವ ಕಿಣ್ವಗಳು ಕತ್ತರಿಸಬಲ್ಲ ತಾಣಗಳೂ ಅದರಲ್ಲಿ ಉಳಿದಿರುತ್ತವೆ.

ಆಮ್ಲೀಯತೆ ಹೆಚ್ಚು ಬದಲಾಗದಂತೆ ಕಾಯುವ ಲವಣದ್ರಾವಣವಾದ ಫಾಸ್ಫೇಟ್ ಬಫರ್‌ನಲ್ಲಿ 10% ಜೆಲಾಟಿನ್ ಅನ್ನು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಕಲಕುತ್ತಲೇ, ಆ ಗುಂಪುಗಳನ್ನು ಜೋಡಿಸುವ ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಅನ್ನು ಹನಿಹನಿಯಾಗಿ ಸೇರಿಸಬೇಕು. ಅನಂತರ 40 ಡಿಗ್ರಿಯಲ್ಲಿ ಸುಮಾರು ಒಂದು ವಾರ, ನೀರನ್ನು ಪ್ರತಿದಿನ ಬದಲಿಸುತ್ತ, ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಮೂಲಕ ಶುದ್ಧೀಕರಣ) ಮಾಡಬೇಕು. ಇಲ್ಲಿ ಅವಸರ ಖಂಡಿತ ಸಲ್ಲದು. ಕ್ರಿಯೆಯಲ್ಲಿ ಉಂಟಾಗಿ ಉಳಿದುಕೊಂಡ ಮೆಥಾಕ್ರಿಲಿಕ್ ಆಮ್ಲವು ಜೀವಕೋಶಗಳಿಗೆ ವಿಷ. ಹೆಪ್ಪುಗಟ್ಟಿಸಿ ಒಣಗಿಸಿದಾಗ ಹತ್ತಿಯಂತೆ ಹಗುರವಾದ ಬಿಳಿಯ ಸ್ಪಂಜು ದೊರೆಯುತ್ತದೆ.

ವಿನ್ಯಾಸದ ನಿಜವಾದ ಪ್ರಶ್ನೆ ಸಾಂದ್ರತೆಯದು, ಅಂದರೆ ಈ ಸ್ಪಂಜನ್ನು ಮತ್ತೆ ದ್ರವದಲ್ಲಿ ಎಷ್ಟು ಪ್ರಮಾಣದಲ್ಲಿ ಕರಗಿಸಬೇಕೆಂಬುದು. 5% ಜೆಲ್ ಮೃದುವಾಗಿದ್ದು, ಅದರೊಳಗಿನ, ಚರ್ಮದ ಒಳಪದರದ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಕೆಲವೇ ದಿನಗಳಲ್ಲಿ ಕದಿರಿನಂತೆ ಉದ್ದಕ್ಕೆ ಚಾಚಿಕೊಳ್ಳುತ್ತವೆ. 15%ರಷ್ಟು ಗಟ್ಟಿಯಾದ ಜೆಲ್‌ನಲ್ಲಿ ಅವೇ ಕೋಶಗಳು ಬದುಕಿದ್ದರೂ ಸಾಸಿವೆಕಾಳಿನಂತೆ ದುಂಡಗೆ ಉಳಿಯಬಹುದು. ಹಾಗೆಂದು ತೀರ ಮೃದುವಾಗಿಸಿದರೆ ಜೆಲ್ ಬೇಗ ಕರಗಿ, ಚಿಮಟದ ತುದಿಯಲ್ಲೇ ಹರಿದು ತುಂಡಾಗುತ್ತದೆ. ಆದ್ದರಿಂದ 5ರಿಂದ 10%ರ ನಡುವೆ ಪರೀಕ್ಷಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಗಟ್ಟಿಗೊಳಿಸಲು ಲ್ಯಾಪ್ ಎಂಬ ಬೆಳಕು-ಪ್ರಚೋದಕವನ್ನು ಬೆರೆಸಿ 405 ನ್ಯಾನೋಮೀಟರ್ ಬೆಳಕನ್ನು ಹಾಯಿಸಬಹುದು. ರಕ್ತನಾಳಗಳಿಲ್ಲದ ದಪ್ಪ ಜೆಲ್‌ನ ನಡುಭಾಗಕ್ಕೆ ಆಮ್ಲಜನಕ ಸಾಲದಾಗುವುದರಿಂದ ಪದರವನ್ನು ತೆಳುವಾಗಿಯೇ ಇಡಬೇಕು. ಫೈಬ್ರೋಬ್ಲಾಸ್ಟ್‌ಗಳು ನೆಲೆಯೂರಿದ ಮೇಲೆ, ಚರ್ಮದ ಹೊರಪದರದ ಕೋಶಗಳಾದ ಕೆರಟಿನೋಸೈಟ್‌ಗಳನ್ನು ಮೇಲ್ಮೈಯಲ್ಲಿ ಬಿತ್ತಿ, ಅವು ಒಂದಕ್ಕೊಂದು ಕೂಡಿದ ಬಳಿಕ ಪೋಷಕ ದ್ರವವನ್ನು ಕೆಳಗಿನಿಂದ ಮಾತ್ರ ಒದಗಿಸಿ, ಮೇಲ್ಭಾಗವನ್ನು ಗಾಳಿಗೆ ತೆರೆದಿಡಬೇಕು.