ಮನೆ ತಗೊಳ್ಳುವ ಮುಂಚೆ ತಪಾಸಣೆಗಾರರ ಹಿಂದೆ ಮೂರು ಗಂಟೆ

ಆ ಮನೆಯನ್ನು ನಾವು ಎರಡು ಸಲ ನೋಡಿ ಬಂದಿದ್ದೆವು. ಎರಡೂ ಸಲ ನನ್ನ ಕಣ್ಣಿಗೆ ಬಿದ್ದಿದ್ದು ಕಿಟಕಿಯ ಬೆಳಕು, ಅಡುಗೆಮನೆಯ ಅಗಲ, ಹೊಸ ಪೇಂಟು. ಮೂರನೇ ಸಲ, ಮನೆಯ ದೋಷ ಹುಡುಕಿ ವರದಿ ಕೊಡುವ ತಪಾಸಣೆಗಾರರ ಜೊತೆ ಹೋದೆ. ಅವರು ಬಂದ ಕೂಡಲೇ ಒಳಗೆ ಕಾಲಿಡಲಿಲ್ಲ. ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿದರು. ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿದರು. ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕಂತೆ. ಗೋಡೆ ಕಡೆಗೇ ಇಳಿದಿದ್ದರೆ ನೀರು ಪಾಯದ ಪಕ್ಕದಲ್ಲೇ ನಿಲ್ಲುತ್ತದೆ. ‘ಮನೆ ಹಾಳು ಮಾಡೋದು ಹೆಚ್ಚಾಗಿ ನೀರೇ ಸರ್. ಉಳಿದದ್ದು ಆಮೇಲೆ’ ಅಂದರು.

ಇವರನ್ನು ಹುಡುಕಿದ್ದು ನಾನೇ. ಮನೆ ತೋರಿಸಿದ ಏಜೆಂಟ್ ‘ನಮ್ಮ ಕಡೆಯವರಿದ್ದಾರೆ, ಅರ್ಧ ಗಂಟೆಯಲ್ಲಿ ನೋಡಿಕೊಡ್ತಾರೆ’ ಅಂದಿದ್ದರು. ಒಳ್ಳೆಯವರೇ ಇರಬಹುದು. ಆದರೆ ಮಾರಾಟ ಆದರಷ್ಟೇ ದುಡ್ಡು ಕಾಣುವವರು ಕಳಿಸಿದ ಮನುಷ್ಯನಿಗೆ ಬಿರುಕು ಎಷ್ಟು ಕಂಡೀತು? ಇನ್ನೊಬ್ಬರು ‘ರಿಪೇರಿನೂ ನಾವೇ ಮಾಡ್ತೀವಿ’ ಅಂದರು. ಅವರನ್ನೂ ಬಿಟ್ಟೆ. ರೋಗ ಜಾಸ್ತಿ ಇದ್ದಷ್ಟೂ ಅವರಿಗೆ ಲಾಭ, ಅಲ್ವಾ?

ಅದಕ್ಕೂ ಮುಂಚೆ ತಪಾಸಣೆಗೆ ಗೊತ್ತು ಮಾಡಿದ್ದ ದಿನ ಸುಮ್ನೆ ಹಾಳಾಗಿತ್ತು. ಮನೆಯಲ್ಲಿ ಯಾರೂ ವಾಸವಿರಲಿಲ್ಲ, ಕರೆಂಟ್ ಇರಲಿಲ್ಲ, ಟ್ಯಾಂಕ್ ಒಣಗಿತ್ತು. ‘ನೀರು ಬಿಡದೆ ಸೋರೋದು ಹೇಗೆ ಗೊತ್ತಾಗುತ್ತೆ?’ ಎಂದು ಅವರು ವಾಪಸ್ ಹೊರಟರು. ಅವತ್ತಿನಿಂದ ಬುದ್ಧಿ ಬಂತು. ಎರಡನೇ ಸಲಕ್ಕೆ ಮುಂಚೆಯೇ ಎಲ್ಲ ಕೋಣೆಗಳ ಕೀ, ಕರೆಂಟ್, ನೀರು ಕೇಳಿಟ್ಟುಕೊಂಡೆ. ಗೋಡೆಗೆ ಒರಗಿಸಿದ್ದ ಬೀರುವನ್ನೂ ಸರಿಸಿಡಲು ಹೇಳಿದೆ.

ಆ ಬೀರು ಸರಿಸಿದ್ದೇ ಒಳ್ಳೆಯದಾಯಿತು. ಮಲಗುವ ಕೋಣೆಯ ಆ ಗೋಡೆಗೆ ಮಾತ್ರ ಪೇಂಟು ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಉಳಿದ ಮೂರು ಗೋಡೆ ಸ್ವಲ್ಪ ಮಂಕು. ನಾನು ಎರಡು ಸಲ ಅಲ್ಲೇ ನಿಂತಿದ್ದರೂ ಗಮನಿಸಿರಲಿಲ್ಲ. ಅವರು ಅಂಗೈ ತಿರುಗಿಸಿ ಕೈಯ ಹಿಂಬದಿಯಿಂದ ಗೋಡೆ ಮುಟ್ಟಿದರು, ನನಗೂ ಮುಟ್ಟಲು ಹೇಳಿದರು. ತಣ್ಣಗಿತ್ತು. ಗೋಡೆಯ ಬುಡದ ಪಟ್ಟಿಯಾದ ಸ್ಕರ್ಟಿಂಗ್ ಮೇಲೆ ಉಪ್ಪಿನಂಥ ಬಿಳಿ ಪುಡಿ. ನೀರು ಗೋಡೆಯೊಳಗಿನ ಲವಣವನ್ನು ಹೊರಗೆ ತಂದು ತಾನು ಆರಿಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಆಮೇಲೆ ಎರಡು ಮುಳ್ಳಿನ ತೇವದ ಮೀಟರ್ ಹಿಡಿದರು. ಮೇಲಿನಿಂದ ಕೆಳಗೆ ಬರುತ್ತ ಅಂಕಿ ಏರುತ್ತಲೇ ಹೋಯಿತು. ಗೋಡೆಯ ಆಚೆ ಬದಿ ಬಾತ್‌ರೂಮ್. ಅಲ್ಲಿ ಹೋಗಿ ನಾಣ್ಯದಿಂದ ಟೈಲ್ಸ್ ಬಡಿದರು. ಕೆಲವು ಟಣ್ ಅಂದವು, ಮೂಲೆಯ ಐದಾರು ಡಬ್ ಡಬ್ ಅಂದವು. ಅಂದರೆ ಅಡಿಯಲ್ಲಿ ಗಾರೆ ಬಿಟ್ಟಿದೆ. ಒಂದು ಬಕೆಟ್ ನೀರು ಸುರಿದರು. ನೀರು ಜಾಲರಿಯ ಕಡೆ ಹೋಗದೆ ಅದೇ ಮೂಲೆಯಲ್ಲಿ ನಿಂತಿತು. ಮೇಲೆ ಥಳಕು, ಒಳಗೆ ಹುಳುಕು.

ಬಿರುಕಿನ ವಿಷಯದಲ್ಲಿ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಹಾಲ್ ಗೋಡೆಯ ಮೇಲಿನ ಜೇಡರಬಲೆಯಂಥ ಸಣ್ಣ ಗೆರೆಗಳಿಗೆ ನಾನು ಹೆದರಿದ್ದೆ. ಗಿಲಾವು ಒಣಗುವಾಗ ಬಿಟ್ಟದ್ದು ಎಂದು ಅವರು ಮುಂದೆ ಹೋದರು. ನಿಂತಿದ್ದು ಎರಡು ಕಡೆ. ಒಂದು, ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೆ ಹೋದ ಬಿರುಕು. ಪಕ್ಕದ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆಯೇ ಎಂದು ತೆಗೆದು ಮುಚ್ಚಿ ನೋಡಿದರು. ಉಜ್ಜುತ್ತಿರಲಿಲ್ಲ. ಆದರೂ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದರು. ಗೆರೆ ದಾಟಿ ಬೆಳೆದರೆ ಅದಿನ್ನೂ ಜೀವಂತ. ಇನ್ನೊಂದು, ಬಾಲ್ಕನಿಯ ತೊಲೆಯ ಉದ್ದಕ್ಕೂ ಹೋದ ಬಿರುಕು, ಅಂಚಿನಲ್ಲಿ ಕಂದು ಕಲೆ. ಒಳಗಿನ ಕಬ್ಬಿಣ ತುಕ್ಕು ಹಿಡಿದಾಗ ಊದಿಕೊಳ್ಳುತ್ತದೆ, ಊದಿ ಕಾಂಕ್ರೀಟನ್ನೇ ಒಡೆಯುತ್ತದೆ. ‘ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು, ನಾನು ಹೇಳೋದು ಸಾಲದು’ ಅಂದರು. ನನಗೆ ಅವರ ಮೇಲೆ ನಂಬಿಕೆ ಕುದುರಿದ್ದು ಆ ಮಾತಿನಿಂದ.

ಮೇನ್ ಬೋರ್ಡ್ ನೋಡುವುದು ಬೇಗ ಮುಗಿಯಿತು. 1.5 ಚದರ ಮಿಲಿಮೀಟರಿನ ತೆಳು ವೈರಿಗೆ 32 ಆಂಪಿಯರಿನ ದೊಡ್ಡ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಬ್ರೇಕರ್, ಹಾಕಿದ್ದರು. ಬ್ರೇಕರ್ ಬೀಳುವಷ್ಟರಲ್ಲಿ ವೈರೇ ಸುಟ್ಟಿರಬಹುದು. ಶಾಕ್ ತಡೆಯುವ 30 ಮಿಲಿಆಂಪಿಯರ್ ಬ್ರೇಕರಿನ ಟೆಸ್ಟ್ ಬಟನ್ ಒತ್ತಿದರೆ ಬ್ರೇಕರ್ ಬಿದ್ದು ಕರೆಂಟ್ ಕಡಿಯಬೇಕು, ಇದು ಬೀಳಲೇ ಇಲ್ಲ. ಈ ಬಟನ್ ಒತ್ತಲು ಯಾರೂ ಬೇಕಿಲ್ಲ, ನೀವೇ ಒತ್ತಬಹುದು.

ಎರಡು ದಿನಕ್ಕೆ ವರದಿ ಬಂತು. ಫೋಟೋಗಳೇ ರಾಶಿ. ಹೆಂಡತಿ ನಾಲ್ಕು ಪುಟ ಓದಿ ‘ಈ ಮನೆ ಬೇಡವೇ ಬೇಡ’ ಅಂದಳು. ಬರೀ ವರದಿ ಓದಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಸಡಿಲ ಹಿಡಿಕೆಗೂ ತುಕ್ಕು ಹಿಡಿದ ತೊಲೆಗೂ ಅದರಲ್ಲಿ ಒಂದೇ ಗಾತ್ರದ ಫೋಟೋ. ನಾನು ಜೊತೆಗೆ ಓಡಾಡಿದ್ದರಿಂದ ಅವರು ಎಲ್ಲಿ ನಿಂತರು, ಎಲ್ಲಿ ನಿಲ್ಲದೆ ನಡೆದರು ಅಂತ ಗೊತ್ತಿತ್ತು. ನನ್ನ ಪಾಲಿಗೆ ವರದಿ ಅದೇ.

ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕರೆ ಮುಂಗಡ ವಾಪಸ್ ಎಂದು ಕರಾರಿನಲ್ಲಿ ಮೊದಲೇ ಬರೆಸಿದ್ದೆ. ಹಾಗಾಗಿ ಮಾತಾಡುವಾಗ ಧೈರ್ಯ ಇತ್ತು. ಇಂಜಿನಿಯರ್ ಬಂದು ತೊಲೆ ರಿಪೇರಿ ಆಗುತ್ತದೆ ಅಂದರು. ಮಾಲೀಕರು ‘ನಾವೇ ಸರಿ ಮಾಡಿಸಿ ಕೊಡ್ತೀವಿ’ ಅಂದಾಗ ಒಪ್ಪಲಿಲ್ಲ. ಬಿಟ್ಟು ಹೋಗುವ ಮನೆಗೆ ಯಾರು ಮನಸ್ಸಿಟ್ಟು ಕೆಲಸ ಮಾಡಿಸುತ್ತಾರೆ? ಅಷ್ಟು ದುಡ್ಡು ಬೆಲೆಯಲ್ಲೇ ಇಳಿಸಿ ಅಂದೆ. ಸ್ವಲ್ಪ ಎಳೆದಾಡಿ ಇಳಿಸಿದರು. ಬಾತ್‌ರೂಮ್, ತೊಲೆ, ವೈರಿಂಗ್ ಮುಗಿಸಿಕೊಂಡೇ ಮನೆ ಹೊಕ್ಕೆವು.

ಮೂರು ತಿಂಗಳಿಗೆ ಚರಂಡಿ ಪೈಪ್ ಕಟ್ಟಿಕೊಂಡಿತು. ಅಗೆದರೆ ಮರದ ಬೇರು ಒಳಗೆ ನುಗ್ಗಿತ್ತು. ಸಿಟ್ಟಿನಲ್ಲಿ ತಪಾಸಣೆಗಾರರಿಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ‘ಎರಡನೇ ಪುಟ ತೆಗೆಯಿರಿ ಸರ್’ ಅಂದರು. ತೆಗೆದೆ. ಗೋಡೆಯೊಳಗಿನದು, ನೆಲದಡಿಯ ಪೈಪು ನೋಡಿಲ್ಲ, ಬೇಕಿದ್ದರೆ ಕ್ಯಾಮೆರಾ ಇಳಿಸಿ ನೋಡುವವರನ್ನು ಕರೆಸಿ ಎಂದು ಸ್ಪಷ್ಟವಾಗಿ ಬರೆದಿತ್ತು. ಫೋಟೋ ಇಲ್ಲದ ಪುಟ ಅದೊಂದೇ. ನಾನು ಅದನ್ನು ತಿರುವಿ ಹಾಕಿದ್ದೆ.